ಸೈಬೀರಿಯಕ್ಕೆ ಹೋದ ನಾಲೆಯ ಲೆಕ್ಕ

ರಷ್ಯ ಹೇಗಿತ್ತು ಎಂದು ಮಂಡ್ಯದಲ್ಲಿ ಕೇಳಿದವರಿಗೆಲ್ಲ ನಾನು ‘ಚಳಿ’ ಎಂದಷ್ಟೇ ಹೇಳಿದೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳಿದರು, ಹೋಟೆಲಿನಲ್ಲಿ ಕೇಳಿದರು, ಕ್ಷೌರದ ಅಂಗಡಿಯಲ್ಲೂ ಕೇಳಿದರು. ಎಲ್ಲರಿಗೂ ಅದೇ ಉತ್ತರ. ಚಳಿಯ ಸುದ್ದಿ ಹೇಳಿದರೆ ಜನ ಮುಂದಕ್ಕೆ ಕೇಳುವುದಿಲ್ಲ. ಅಲ್ಲಿ ನಡೆದದ್ದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮಳವಳ್ಳಿ

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಗಣಿತದ ಉಪನ್ಯಾಸಕ. ಹುಟ್ಟಿದ್ದು ಮಳವಳ್ಳಿಯ ಹತ್ತಿರದ ಹಳ್ಳಿ. ಅಪ್ಪ ನಾಲೆಯ ಸೌಡಿಯಾಗಿದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ತೂಬನ್ನು ಒಮ್ಮೆಲೇ ಎತ್ತಿದರೆ ನೀರು ಮೊದಲು ಇಳಿಜಾರಾಗಿ ಹೊರಡುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದರ ಮುಂಭಾಗ ಕಡಿದಾಗಿ, ಮೊಣಕಾಲೆತ್ತರದ ಗೋಡೆಯಾಗಿ ನಾಲೆಯೊಳಗೆ ನಡೆದು ಬರುತ್ತದೆ. ಕಾರಣ ಸುಲಭ. ಆಳದ ನೀರು ಬೇಗ ಓಡುತ್ತದೆ, ತೆಳು ನೀರು ನಿಧಾನ. ಹಿಂದಿನ ನೀರು ಮುಂದಿನದನ್ನು ಹಿಡಿದು ಅದರ ಬೆನ್ನೇರುತ್ತದೆ. ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ಕಬ್ಬಿನ ಗಾಡಿಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಗಣಿತದವರು ಇಂಥ ಗೋಡೆಯನ್ನು ಆಘಾತ ತರಂಗ ಎನ್ನುತ್ತಾರೆ. ಶಬ್ದಕ್ಕಿಂತ ಬೇಗ ಹಾರುವ ಜೆಟ್ ವಿಮಾನದ ಮುಂದಿನ ಗಾಳಿಯಲ್ಲಿ ಏಳುವುದೂ ಇದೇ ಜಾತಿಯದು. ನೆಲದ ಕೆಸರು, ದಂಡೆಯ ಹುಲ್ಲು, ಇವುಗಳ ಉಜ್ಜಾಟವನ್ನೆಲ್ಲ ಲೆಕ್ಕದಿಂದ ಬಿಟ್ಟುಬಿಟ್ಟರೆ ಈ ಗೋಡೆ ಎಲ್ಲಿ ಏಳುತ್ತದೆ, ಎಷ್ಟು ಬೇಗ ನಡೆಯುತ್ತದೆ ಎಂಬುದನ್ನು ಅಂಕಿಗಳಲ್ಲಿ ಕಂಡುಹಿಡಿಯುವುದು ನನ್ನ ಸಂಶೋಧನೆಯ ವಿಷಯವಾಗಿತ್ತು. ಅದಕ್ಕೆ ಕಂಪ್ಯೂಟರ್ ಬೇಕು. ನನಗೆ ಸಿಕ್ಕಿದ್ದು ಚನ್ನೇಗೌಡ ಮೇಷ್ಟ್ರು.

ಮೇಷ್ಟ್ರು ಮಳವಳ್ಳಿ ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು. ನಿವೃತ್ತಿಯಾಗಿ ಗದ್ದೆ ನೋಡಿಕೊಂಡಿದ್ದರು. ಒಂದು ದಿನ ನನ್ನ ಕಷ್ಟ ಹೇಳಿಕೊಂಡೆ. ನಾಲೆಯನ್ನು ಕಾಗದದ ಮೇಲೆ ನಲವತ್ತು ತುಂಡು ಮಾಡಬೇಕು. ಸ್ವಲ್ಪ ಹೊತ್ತು ತೂಬು ಎತ್ತಿ ಮುಚ್ಚಿದರೆ ಒಂದು ನೀರಿನ ಗುಡ್ಡೆ ಹೊರಡುತ್ತದಲ್ಲ, ಪ್ರತಿ ತುಂಡಿನಲ್ಲೂ ಅದರ ಎತ್ತರ ಎಷ್ಟು ಎಂದು ಗಳಿಗೆಗೊಮ್ಮೆ ಗುಣಿಸಿ ಕಳೆದು ಬರೆಯುತ್ತ ಹೋಗಬೇಕು. ಒಂದು ಗಳಿಗೆಗೆ ಒಂದು ಪುಟ.

“ಗುಣಾಕಾರ ತಾನೆ, ನಾ ಮಾಡ್ತೀನಿ ಬುಡು” ಎಂದರು ಮೇಷ್ಟ್ರು.

ಆರು ವರ್ಷ ಮಾಡಿದರು. ಬೆಳಗ್ಗೆ ಗದ್ದೆಗೆ ಹೋಗಿಬಂದು, ಊಟ ಮಾಡಿ, ಬೆಳಕಿರುವವರೆಗೆ ಬರೆಯುತ್ತಿದ್ದರು. ಅಂಕಿಗಳನ್ನು ಕನ್ನಡದಲ್ಲೇ ಬರೆಯುವುದು ಅವರ ಅಭ್ಯಾಸ. ಹನ್ನೊಂದು ನೋಟ್‌ಬುಕ್ಕು ತುಂಬಿತು. ಒಮ್ಮೆ ನಾವಿಬ್ಬರೂ ನಾಲೆಯ ಮೇಲೇ ನಿಂತು ನಿಜವಾದ ನೀರಿನ ಗೋಡೆ ಬರುವ ಹೊತ್ತನ್ನು ಅಳೆದೆವು. ನಮ್ಮ ಲೆಕ್ಕಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಆ ದಿನ ಮೇಷ್ಟ್ರು ಪೇಟೆಗೆ ಕರೆದುಕೊಂಡು ಹೋಗಿ ಮೈಸೂರ್‌ಪಾಕು ತೆಗೆಸಿಕೊಟ್ಟರು.

ಎಪ್ಪತ್ತರ ದಶಕದ ನಡುವೆ, ಎರಡು ದೇಶಗಳ ವಿನಿಮಯದ ಏರ್ಪಾಟಿನಲ್ಲಿ ಸೈಬೀರಿಯದ ಒಂದು ವಿಜ್ಞಾನ ಸಂಸ್ಥೆಯಿಂದ ನನಗೆ ಮೂರು ವಾರದ ಆಹ್ವಾನ ಬಂತು. ಅಲ್ಲಿ ಕಂಪ್ಯೂಟರ್ ಇತ್ತು. ಈ ವಿಷಯದಲ್ಲಿ ಪಳಗಿದವರಿದ್ದರು. ಹೊರಡುವ ಹಿಂದಿನ ದಿನ ಮೇಷ್ಟ್ರು ನೋಟ್‌ಬುಕ್ಕುಗಳನ್ನು ಹಳೆಯ ಪಂಚೆಯಲ್ಲಿ ಕಟ್ಟಿ ಕೊಟ್ಟರು.

“ಲೇ ಸಿವ್ಲಿಂಗ, ಅಲ್ಲಿ ಏನ್ ನೋಡ್ತೀಯೋ ಬುಡ್ತೀಯೋ, ಒಂದ್ ಮಾತ್ರ ಕೇಳ್ಕಂಡು ಬಾ. ಗ್ವಾಡೆ ನಾವು ಅಂದ ಜಾಗದಾಗೇ ನಿಲ್ತದಾ ಅಂತ.”

ಮಾಸ್ಕೋ

ಮದ್ದೂರಿನ ನಿವೃತ್ತ ಹವಾಲ್ದಾರರೊಬ್ಬರ ಮಿಲಿಟರಿ ಕೋಟು ಹಾಕಿಕೊಂಡು ಮಾಸ್ಕೋದಲ್ಲಿ ಇಳಿದೆ. ಸುಂಕದ ಅಧಿಕಾರಿ ನನ್ನ ಪೆಟ್ಟಿಗೆಯಲ್ಲಿದ್ದ ಚಟ್ನಿಪುಡಿಯನ್ನು ಮೂಸಿ ಸೀನಿ ಬಿಟ್ಟುಬಿಟ್ಟ. ಪಂಚೆಯ ಗಂಟನ್ನು ಬಿಡಲಿಲ್ಲ. ಒಂದು ನೋಟ್‌ಬುಕ್ಕು ತೆರೆದ. ಪುಟದಿಂದ ಪುಟಕ್ಕೆ ಬರೀ ಸುರುಳಿ ಸುರುಳಿಯಾದ ಗುರುತುಗಳು, ಅದೂ ಸಾಲಾಗಿ. ಇನ್ನೊಂದು ತೆರೆದ. ಮತ್ತೆ ಅದೇ. ಅವನ ಮುಖ ಗಂಭೀರವಾಯಿತು. ಇದು ಗೂಢಲಿಪಿ ಎಂದುಕೊಂಡಿರಬೇಕು.

ನನಗೆ ಬರುತ್ತಿದ್ದ ರಷ್ಯನ್ ಮಾತುಗಳು ಹತ್ತೋ ಹನ್ನೆರಡೋ. ನೋಟ್‌ಬುಕ್ಕುಗಳನ್ನು ತೋರಿಸಿ “ವೊದಾ, ವೊದಾ” ಎಂದೆ. ನೀರು ಎಂದರ್ಥ. ನೀರಿನ ಲೆಕ್ಕ ಎಂದು ಹೇಳುವಷ್ಟು ಭಾಷೆ ನನ್ನಲ್ಲಿರಲಿಲ್ಲ. ಅವನು ಒಳಗೆ ಹೋಗಿ ಇನ್ನೊಬ್ಬನನ್ನು ಕರೆತಂದ. ಅವನ ಕೈಯಲ್ಲಿ ಒಂದು ಲೋಟ ನೀರಿತ್ತು. ಇಬ್ಬರೂ ನಾನು ಕುಡಿಯುವುದನ್ನು ನೋಡುತ್ತ ನಿಂತರು. ಪೂರ್ತಿ ಕುಡಿದೆ. ಆಮೇಲೆ ಇಂಗ್ಲಿಷ್ ಬಲ್ಲ ಹೆಂಗಸೊಬ್ಬರು ಬಂದು ವಿಚಾರಿಸಿ ಗಂಟನ್ನು ಹಾಗೇ ಕಟ್ಟಿಕೊಟ್ಟರು.

ಮಂಡ್ಯದ ಯಾವುದಾದರೂ ಕಚೇರಿಯಲ್ಲಾಗಿದ್ದರೆ ನೋಟ್‌ಬುಕ್ಕು ತೆರೆದು ನೋಡುವ ತಾಪತ್ರಯ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ, ನೀರನ್ನೂ ಕೊಡುತ್ತಿರಲಿಲ್ಲ ಎಂದುಕೊಂಡು ನಕ್ಕೆ. ಆ ಪ್ರಯಾಣದಲ್ಲಿ ನಾನು ಮನಸಾರೆ ನಕ್ಕದ್ದು ಅದೇ ಕೊನೆ.

ಕಾಡಿನೊಳಗಿನ ಊರು

ಅಲ್ಲಿಂದ ಇನ್ನೊಂದು ವಿಮಾನ. ಇಳಿದ ಊರು ಕಾಡಿನೊಳಗೇ ಇತ್ತು. ಬಿಳಿ ತೊಗಟೆಯ ಮರಗಳ ನಡುವೆ ನಾಲ್ಕಂತಸ್ತಿನ ಮನೆಗಳು, ನಡುವೆ ಹಿಮದಲ್ಲಿ ಕಾಲುದಾರಿಗಳು. ಅಂಥ ಚಳಿಯಲ್ಲೂ ಹೆಂಗಸರು ಕೂಸುಗಳನ್ನು ತಳ್ಳುಗಾಡಿಯಲ್ಲಿ ಹೊರಗೆ ಮಲಗಿಸಿಕೊಂಡು ಓಡಾಡುತ್ತಿದ್ದರು. ನಮ್ಮಲ್ಲಿ ಮಾಗಿಯ ಇಬ್ಬನಿಗೇ ಕೂಸಿನ ತಲೆಗೆ ಮೂರು ಸುತ್ತು ಬಟ್ಟೆ ಸುತ್ತಿ ಒಳಗೆ ಕೂರಿಸುತ್ತೇವೆ.

ಆ ದೇಶದಲ್ಲಿ ಕೋಟು ಹಾಕಿಕೊಂಡು ಯಾರೂ ಕಟ್ಟಡದ ಒಳಗೆ ಹೋಗುವಂತಿಲ್ಲ. ಬಾಗಿಲ ಹತ್ತಿರ ಒಬ್ಬ ಅಜ್ಜಿ ಕೂತಿರುತ್ತಾಳೆ. ಕೋಟನ್ನು ಅವಳ ಕೈಗೆ ಕೊಡಬೇಕು, ಅವಳು ಮೊಳೆಗೆ ನೇತುಹಾಕುತ್ತಾಳೆ. ಹವಾಲ್ದಾರರ ಕೋಟಿನ ಕುತ್ತಿಗೆಯಲ್ಲಿ ನೇತುಹಾಕುವ ಕುಣಿಕೆ ಇರಲಿಲ್ಲ. ಅಜ್ಜಿ ಕೋಟನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಹಿಂದೆ ನಿಂತ ವಿಜ್ಞಾನಿಗಳೆಲ್ಲರ ಮುಂದೆ ಬೈದಳು. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು. ಸಂಜೆ ಕೋಟು ವಾಪಸು ತೆಗೆದುಕೊಂಡಾಗ ಅದಕ್ಕೊಂದು ಕಪ್ಪು ಲಾಡಿಯ ಕುಣಿಕೆ ಹೊಲಿದಿತ್ತು. ನಾನು ವಂದನೆ ಹೇಳಿದೆ. ಅವಳು ಅದಕ್ಕೂ ಬೈದಳು.

ನನ್ನನ್ನು ನೋಡಿಕೊಳ್ಳಬೇಕಾಗಿದ್ದವರು ಲುದ್ಮಿಲಾ ಆಂದ್ರೇವ್ನಾ. ಐವತ್ತು ದಾಟಿದ ಗಣಿತಜ್ಞೆ. ಇಂಗ್ಲಿಷನ್ನು ಪುಸ್ತಕದಿಂದ ಕಲಿತವರು, ಒಂದೊಂದೇ ಪದ ಇಟ್ಟು ಮಾತಾಡುತ್ತಿದ್ದರು. ನಾನು ಗಂಟು ಬಿಚ್ಚಿದಾಗ ಅವರು ನಗಲಿಲ್ಲ. ಕೈ ಒರೆಸಿಕೊಂಡು ಮೊದಲನೆಯ ನೋಟ್‌ಬುಕ್ಕು ತೆಗೆದುಕೊಂಡರು.

“ಇದೆಲ್ಲ ಒಬ್ಬರೇ ಬರೆದದ್ದೇ?”

“ಒಬ್ಬರೇ. ನನ್ನ ಗುರುಗಳು.”

“ಹಾಗಾದರೆ ಮೊದಲು ನನಗೆ ಈ ಅಂಕಿಗಳನ್ನು ಕಲಿಸಿ.”

ಒಂದು ಚೀಟಿಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಬರೆದುಕೊಟ್ಟೆ. ಅರ್ಧ ಗಂಟೆಯಲ್ಲಿ ಕಲಿತರು. ಆರು ಮತ್ತು ಒಂಬತ್ತು ಮಾತ್ರ ಕೊನೆಯವರೆಗೂ ಅವರಿಗೆ ತೊಡಕಾಗುತ್ತಿತ್ತು. ನೋಟ್‌ಬುಕ್ಕುಗಳನ್ನು ಆ ರಾತ್ರಿ ಮನೆಗೆ ಒಯ್ದರು.

ಮೂರನೆಯ ದಿನ

ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಲುದ್ಮಿಲಾ ಆಂದ್ರೇವ್ನಾ ಬಂದು ಕೂತಿದ್ದರು. ಮೇಜಿನ ಮೇಲೆ ಮಣಿಚೌಕಟ್ಟು ಇತ್ತು. ಅಲ್ಲಿಯ ಅಂಗಡಿಯವರೂ ಮಣಿ ಸರಿಸಿಯೇ ಲೆಕ್ಕ ಮಾಡುತ್ತಾರೆ. ಅವರು ಒಂದು ಕಾಗದವನ್ನು ನನ್ನ ಕಡೆಗೆ ತಿರುಗಿಸಿದರು.

“ಹತ್ತು ಪುಟಕ್ಕೊಂದರಂತೆ ಆರಿಸಿ, ಅದರ ನಲವತ್ತು ಎತ್ತರಗಳನ್ನೂ ಕೂಡಿದೆ. ತೂಬು ಮುಚ್ಚಿದ ಮೇಲೆ ನಾಲೆಗೆ ನೀರು ಬರುವುದಿಲ್ಲ, ಹೋಗುವುದೂ ಇಲ್ಲ. ಆದ್ದರಿಂದ ಎಲ್ಲ ಪುಟದಲ್ಲೂ ಮೊತ್ತ ಒಂದೇ ಆಗಬೇಕು. ಗೋಡೆ ಏಳುವವರೆಗೆ ಆಗಿದೆ. ಎದ್ದ ಮೇಲೆ ಕಡಿಮೆಯಾಗುತ್ತ ಹೋಗಿದೆ. ನಿಮ್ಮ ನೀರು ಎಲ್ಲಿ ಹೋಯಿತು?”

“ದಶಾಂಶದ ನಾಲ್ಕನೆಯ ಸ್ಥಾನದ ಆಚೆಗಿನದನ್ನು ಬಿಡುತ್ತೇವಲ್ಲ, ಅದರಿಂದ ಸವೆಯುತ್ತದೆ” ಎಂದೆ.

“ಅದರಿಂದಾಗಿದ್ದರೆ ಗೋಡೆ ಏಳುವ ಮೊದಲೂ ಸವೆಯಬೇಕಿತ್ತು. ಇದು ಎದ್ದ ಮೇಲೆ ಮಾತ್ರ ಸವೆದಿದೆ.”

ಅವರು ನಾನು ಬರೆದಿದ್ದ ಮೊದಲ ಪುಟವನ್ನು ತೆರೆದು, ಮೊದಲ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೀರಿದರು. ಈ ಸಮೀಕರಣವನ್ನು ಎರಡು ರೀತಿಯಲ್ಲಿ ಬರೆಯಬಹುದು. ನೀರು ನಯವಾಗಿ ಹರಿಯುವವರೆಗೆ ಎರಡೂ ಒಂದೇ. ಗೋಡೆ ಎದ್ದ ಮೇಲೆ ಒಂದು ರೀತಿ ಮಾತ್ರ ಹನಿ ನೀರನ್ನೂ ಕಳೆಯದೆ ಲೆಕ್ಕ ಇಡುತ್ತದೆ. ಇನ್ನೊಂದು ಗೋಡೆಯನ್ನು ತಪ್ಪು ವೇಗದಲ್ಲಿ ನಡೆಸುತ್ತದೆ. ಗುಣಿಸಲು ಸುಲಭವೆಂದು ನಾನು ಹಿಡಿದದ್ದು ಈ ಇನ್ನೊಂದನ್ನು. ಇದು ಬಲ್ಲವರಿಗೆ ಬಹಳ ವರ್ಷಗಳಿಂದ ಗೊತ್ತಿದ್ದ ಸಂಗತಿ. ಅದನ್ನು ಬರೆದ ಪತ್ರಿಕೆಗಳು ಮಂಡ್ಯಕ್ಕೆ ಬರುತ್ತಿರಲಿಲ್ಲ.

“ಆದರೆ ನಾವು ನಾಲೆಯ ಮೇಲೆ ಅಳೆದೆವು. ಸರಿಹೊಂದಿತ್ತು” ಎಂದೆ.

“ನಿಜವಾದ ನಾಲೆಯಲ್ಲಿ ಕೆಸರು ಉಜ್ಜಿ ನೀರು ನಿಧಾನವಾಗುತ್ತದೆ. ನಿಮ್ಮ ಲೆಕ್ಕದಲ್ಲಿ ತಪ್ಪಿನಿಂದ ನಿಧಾನವಾಗಿದೆ. ಉಜ್ಜಾಟವನ್ನು ಬಿಟ್ಟ ಲೆಕ್ಕ ನಾಲೆಗೆ ಸರಿಹೊಂದಿದಾಗಲೇ ನಿಮಗೆ ಭಯವಾಗಬೇಕಿತ್ತು.”

ಕಟುವಾಗಿ ಹೇಳಲಿಲ್ಲ. ಇದ್ದದ್ದನ್ನು ಹೇಳಿದರು. ಆಮೇಲೆ ನಾಲ್ಕನೆಯ ನೋಟ್‌ಬುಕ್ಕು ತೆಗೆದು ಒಂದು ಪುಟದ ಅಂಚನ್ನು ತೋರಿಸಿದರು. ಪೆನ್ಸಿಲಿನಲ್ಲಿ ಸಣ್ಣಗೆ ಏನೋ ಬರೆದಿತ್ತು.

“ಇದು ಅಂಕಿ ಅಲ್ಲ. ಏನು ಬರೆದಿದ್ದಾರೆ?”

ನಾನು ಅದನ್ನು ಹಿಂದೆ ನೋಡಿರಲಿಲ್ಲ. ಪ್ರತಿ ನೋಟ್‌ಬುಕ್ಕಿನ ಕೊನೆಯ ಪುಟಗಳನ್ನಷ್ಟೇ ನಾನು ನೋಡುತ್ತಿದ್ದದ್ದು. ಓದಿದೆ. “ಮೊತ್ತ ಕಡಿಮೆ ಬರುತ್ತಿದೆ. ಶಿವಲಿಂಗನನ್ನು ಕೇಳಬೇಕು.”

ಎರಡು ಪುಟ ಆದ ಮೇಲೆ, “ಕೇಳಿದೆ. ದಶಾಂಶ ಬಿಡುವುದರಿಂದ ಸವೆಯುತ್ತದೆ ಎಂದ.”

ಆರನೆಯ ನೋಟ್‌ಬುಕ್ಕಿನಲ್ಲಿ, “ಮತ್ತೆ ಕಡಿಮೆ. ಮತ್ತೆ ಕೇಳಿದೆ. ಅದನ್ನೇ ಹೇಳಿದ.”

ಎಂಟನೆಯದರಲ್ಲಿ, “ಇನ್ನು ಕೇಳುವುದಿಲ್ಲ.”

ಒಂದೊಂದನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಮೇಷ್ಟ್ರು ಕೇಳಿದ್ದು ನನಗೆ ನೆನಪೇ ಇರಲಿಲ್ಲ. ಕಾಲೇಜಿನಿಂದ ಬಸ್ಸಿಳಿದು ಅವಸರದಲ್ಲಿ ಹೋಗುತ್ತಿದ್ದೆ, ನೋಟ್‌ಬುಕ್ಕು ತೆಗೆದುಕೊಳ್ಳುತ್ತಿದ್ದೆ, ಹೊಸ ಅಳತೆ ಕೊಟ್ಟು ಬರುತ್ತಿದ್ದೆ. ಲುದ್ಮಿಲಾ ಆಂದ್ರೇವ್ನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ನೋಡಿದರು. ನನ್ನನ್ನು ನೋಡಲಿಲ್ಲ. ಅದಕ್ಕೆ ಇಂದಿಗೂ ಅವರಿಗೆ ಋಣಿ.

ಹೆಪ್ಪುಗಟ್ಟಿದ ಕಡಲು

ಮರುದಿನ ಲುದ್ಮಿಲಾ ಆಂದ್ರೇವ್ನಾ, ಆಗಿನ ಕಂಪ್ಯೂಟರು ಓದುತ್ತಿದ್ದ ರಟ್ಟಿನ ಕಾರ್ಡುಗಳಿಗೆ ತೂತು ಹಾಕಿಸಿ ಎರಡೂ ರೀತಿಯ ಲೆಕ್ಕವನ್ನು ಕಂಪ್ಯೂಟರಿಗೆ ಕೊಟ್ಟರು. ಅದು ಒಂದು ಹಜಾರದ ತುಂಬ ಕಬ್ಬಿಣದ ಬೀರುಗಳು. ನನ್ನ ರೀತಿಯ ಲೆಕ್ಕ ಮೇಷ್ಟ್ರ ಅಂಕಿಗಳನ್ನೇ ಒಂದೊಂದಾಗಿ ಅಚ್ಚು ಹಾಕಿತು. ಸರಿಯಾದ ರೀತಿಯದರಲ್ಲಿ ಗೋಡೆ ಏಳು ತುಂಡಿನಷ್ಟು ಮುಂದೆ ಇತ್ತು. ಎರಡು ಕಾಗದಗಳನ್ನೂ ಮಡಿಸಿ ಪಂಚೆಯಲ್ಲಿಟ್ಟೆ.

ಇನ್ನೂ ಎರಡು ವಾರದ ಮೇಲೆ ಉಳಿದಿತ್ತು. ಟಿಕೆಟು ಬದಲಾಯಿಸಲು ಆಗುತ್ತಿರಲಿಲ್ಲ. ಬೆಳಗ್ಗೆ ಎದ್ದು ಹುಳಿ ವಾಸನೆಯ ಕಪ್ಪು ಬ್ರೆಡ್ಡು ತಿಂದು ಹೊರಗೆ ನಡೆಯುವುದು, ಬೆರಳು ಸೆಡೆತಾಗ ಒಳಗೆ ಬರುವುದು. ಮೇಷ್ಟ್ರಿಗೆ ಕಾಗದ ಬರೆಯಲು ಮೂರು ಸಲ ಕೂತೆ. “ತೀರ್ಥರೂಪು ಸಮಾನರಾದ” ಎಂಬುದರ ಆಚೆ ಪೆನ್ನು ಹೋಗಲಿಲ್ಲ.

ಊರಿನ ಪಕ್ಕದಲ್ಲಿ ಅಣೆಕಟ್ಟಿನಿಂದ ನಿಂತ ನೀರಿದೆ. ಅಲ್ಲಿಯವರು ಅದನ್ನು ಕಡಲು ಎಂದೇ ಕರೆಯುತ್ತಾರೆ. ನಮ್ಮ ಕನ್ನಂಬಾಡಿಯನ್ನು ಯಾರೂ ಕಡಲು ಎನ್ನುವುದಿಲ್ಲ. ಅಲ್ಲಿಯ ಕಡಲು ಪೂರ್ತಿ ಹೆಪ್ಪುಗಟ್ಟಿತ್ತು. ಅದರ ಮೇಲೆ ಅಲ್ಲಲ್ಲಿ ಮುದುಕರು ಪೆಟ್ಟಿಗೆಗಳ ಮೇಲೆ ಕೂತು, ಮಂಜುಗಡ್ಡೆಯಲ್ಲಿ ತೂತು ಕೊರೆದು, ಗಾಳ ಬಿಟ್ಟುಕೊಂಡು ಮಾತಿಲ್ಲದೆ ಕಾಯುತ್ತಿದ್ದರು. ದಿನವಿಡೀ ಕೂತು ಬೆರಳುದ್ದದ ಎರಡು ಮೀನು ಹಿಡಿದವನನ್ನು ನೋಡಿದೆ. ಅವನಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ.

ಒಂದು ಮಧ್ಯಾಹ್ನ ಅವರನ್ನೆಲ್ಲ ದಾಟಿ ಮುಂದಕ್ಕೆ ನಡೆದೆ. ಎಲ್ಲಿಗೆ ಎಂದು ಇರಲಿಲ್ಲ. ಈ ಮಂಜುಗಡ್ಡೆ ಇಲ್ಲೇ ಬಾಯಿಬಿಟ್ಟರೆ ಮೇಷ್ಟ್ರ ಮುಂದೆ ಹೋಗಿ ನಿಲ್ಲುವುದು ತಪ್ಪುತ್ತದೆ ಎಂಬ ಯೋಚನೆ ಬಂತು. ಬಂದದ್ದು ಬೇಗ ಹೋಗಲಿಲ್ಲ. ನಾನು ಅದರ ಜೊತೆಗೇ ನಡೆಯುತ್ತಿದ್ದೆ. ಹಿಂದಿನಿಂದ ಯಾರೋ ಕೂಗಿದರು. ಒಬ್ಬ ಮುದುಕ ಪೆಟ್ಟಿಗೆಯಿಂದ ಎದ್ದು ಕೈ ಬೀಸುತ್ತಿದ್ದ. ಅಣೆಕಟ್ಟಿನ ಕಡೆ ಮಂಜುಗಡ್ಡೆ ತೆಳುವಾಗಿತ್ತಂತೆ, ನನಗೆ ಆಮೇಲೆ ತಿಳಿಯಿತು. ನಾನು ನಿಂತೇ ಇದ್ದಾಗ ಅವನು ಗಾಳವನ್ನು ಕೆಳಗಿಟ್ಟು, ಅಷ್ಟು ದೂರ ನಡೆದುಬಂದು, ತೋಳು ಹಿಡಿದು ತಿರುಗಿಸಿ, ದಂಡೆಯವರೆಗೆ ಬಿಟ್ಟು ಹೋದ.

ಒಪ್ಪಿಕೊಂಡಿದ್ದ ಉಪನ್ಯಾಸವೊಂದು ಉಳಿದಿತ್ತು. ಬೇಡವೆಂದರೆ ರದ್ದು ಮಾಡುತ್ತೇನೆ ಎಂದರು ಲುದ್ಮಿಲಾ ಆಂದ್ರೇವ್ನಾ. ನಾನು ಬೇಡ ಎನ್ನಲಿಲ್ಲ. ಹತ್ತು ಹನ್ನೆರಡು ಜನರ ಮುಂದೆ ನಿಂತು, ನಾವು ಏನು ಮಾಡಿದೆವು, ಎಲ್ಲಿ ತಪ್ಪಿತು ಎಂದು ಹೇಳಿದೆ. ಲುದ್ಮಿಲಾ ಆಂದ್ರೇವ್ನಾ ಅದನ್ನು ರಷ್ಯನ್ನಿಗೆ ತಿರುಗಿಸಿದರು. ಯಾರೂ ಆಡಿಕೊಳ್ಳಲಿಲ್ಲ, ಯಾರೂ ಸಮಾಧಾನ ಹೇಳಲಿಲ್ಲ. ಹಿಂದಿನ ಬೆಂಚಿನ ವಯಸ್ಸಾದ ಪ್ರೊಫೆಸರೊಬ್ಬರು ಅಂಕಿಗಳ ಚೀಟಿ ಕೇಳಿ ಪಡೆದು, ಒಂದು ನೋಟ್‌ಬುಕ್ಕು ಇಟ್ಟುಕೊಂಡು ಗುಣಿಸುತ್ತ ಕೂತರು. ಎಲ್ಲರೂ ಎದ್ದುಹೋದರೂ ಅವರು ಏಳಲಿಲ್ಲ. ಮರುದಿನ ಸಂಜೆ ಬಂದು ನೋಟ್‌ಬುಕ್ಕು ಕೊಟ್ಟು ಏನೋ ಹೇಳಿದರು.

“ಇಪ್ಪತ್ತು ಪುಟ ಪರೀಕ್ಷಿಸಿದರಂತೆ” ಎಂದರು ಲುದ್ಮಿಲಾ ಆಂದ್ರೇವ್ನಾ. “ಒಂದೂ ಗುಣಾಕಾರ ತಪ್ಪಿಲ್ಲವಂತೆ.”

ಇಂಥ ಕೈಗೆ ನಾನು ಎಂಥ ಕೆಲಸ ಕೊಟ್ಟಿದ್ದೆ ಎಂದು ಆಗಲೇ ನನಗೆ ಪೂರ್ತಿ ಅರ್ಥವಾದದ್ದು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಮದ್ದೂರು

ಬೆಂಗಳೂರಿನಿಂದ ರೈಲಿನಲ್ಲಿ ಬಂದವನು ಮಂಡ್ಯದವರೆಗೆ ಹೋಗದೆ ಮದ್ದೂರಿನಲ್ಲೇ ಇಳಿದೆ. ಹವಾಲ್ದಾರರಿಗೆ ಕೋಟು ಕೊಟ್ಟು, ಅವರು ಕುಣಿಕೆಯನ್ನು ಎಳೆದೆಳೆದು ನೋಡುತ್ತಿದ್ದಾಗಲೇ ಹೊರಟು ಮಳವಳ್ಳಿಯ ಬಸ್ಸು ಹತ್ತಿದೆ. ಮನೆಗೆ ಮೊದಲು ಹೋದರೆ ಮತ್ತೆ ಹೊರಡುವ ಧೈರ್ಯ ಬರುವುದಿಲ್ಲವೆಂದು ಗೊತ್ತಿತ್ತು. ಬಸ್ಸು ತುಂಬ ಜನ. ಪಂಚೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ.

ಮೇಷ್ಟ್ರು ಮುಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಮುಂದೆ ಹನ್ನೆರಡನೆಯ ನೋಟ್‌ಬುಕ್ಕು ತೆರೆದಿತ್ತು. ಅರ್ಧ ತುಂಬಿತ್ತು.

“ಬಂದ್ಯಾ? ನೀ ಬರೋಗಂಟ ಸುಮ್ಕೆ ಯಾಕಿರ್ಲಿ ಅಂತ ಮುಂದುಕ್ ಮಾಡ್ತಿದ್ದೆ” ಎಂದರು. “ಇವಳೇ, ಸಿವ್ಲಿಂಗ ಬಂದವ್ನೆ, ಕಾಪಿ ಮಾಡು.”

ಅವರ ಹೆಂಡತಿ ಕೆಂಪಮ್ಮ ಒಳಗಿನಿಂದಲೇ “ಚಳಿಗೆ ಎಂಗ್ ಕಪ್ಪಾಗವ್ನೆ ನೋಡಿ” ಎಂದು ಕಾಫಿ ತಂದಿಟ್ಟು ಹೋದರು. ನಾನು ಲೋಟ ಮುಟ್ಟಲಿಲ್ಲ.

“ಯೋಳು. ಗ್ವಾಡೆ ಎಲ್ ನಿಂತ್ತು?”

“ನಾವು ಅಂದ ಜಾಗದಲ್ಲಿ ಇಲ್ಲ ಮೇಷ್ಟ್ರೇ. ಏಳು ತುಂಡು ಮುಂದೆ. ಲೆಕ್ಕ ತಪ್ಪು.”

ಅವರು ಪೆನ್ನಿಗೆ ಮುಚ್ಚಳ ಹಾಕಿದರು. “ಎಲ್ಲಿ ತೆಪ್ಪು?”

“ಮೊದಲನೇ ಸಾಲಲ್ಲೇ.”

“ನಂದಾ, ನಿಂದಾ?”

“ನಂದು.”

ನೀರು ಕಡಿಮೆ ಬರುತ್ತಿದೆ ಎಂದು ನೀವು ಬರೆದದ್ದನ್ನು ಅಲ್ಲಿ ಓದಿದೆ, ಕೇಳಿದಾಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದೆ. ಕ್ಷಮಿಸಿ ಎನ್ನಲು ಹೋದೆ. ಅವರು ಕೈ ಅಡ್ಡ ಮಾಡಿದರು.

“ಎಲ್ಲೋ ನೀರು ವೋಯ್ತಾ ಅದೆ ಅಂತ ಗೊತ್ತಾಯ್ತಿತ್ತು ಕಣ್ಲಾ” ಎಂದರು. “ನೀನು ಎಮ್ಮೆಸ್ಸಿ ಓದ್ದೋನು. ನಂಗಿಂತ ನಿಂಗೆ ಚೆನ್ನಾಗ್ ಗೊತ್ತಿರ್ತದೆ ಅನ್ಕಂಡೆ.”

ಅದರಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಪ್ರೊಫೆಸರು ಇಪ್ಪತ್ತು ಪುಟ ಗುಣಿಸಿ ನೋಡಿದ್ದನ್ನು ಹೇಳಿದೆ. ಒಂದೂ ತಪ್ಪಿಲ್ಲ ಎಂದದ್ದನ್ನು ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಅದು ಅವರನ್ನು ಮುಟ್ಟಲಿಲ್ಲ. ನಾನು ಬಿಚ್ಚಿಟ್ಟ ಕಂಪ್ಯೂಟರಿನ ಕಾಗದವನ್ನು ಎತ್ತಿಕೊಂಡು, ತಮ್ಮದೇ ಅಂಕಿಗಳು ಇಂಗ್ಲಿಷಿನಲ್ಲಿ ಅಚ್ಚಾಗಿರುವುದನ್ನು ಬೆರಳಿಟ್ಟು ನೋಡುತ್ತ ಹೋದರು. ಕೊನೆಯವರೆಗೆ ನೋಡಿದರು.

“ಈ ಮಿಸೀನು ನಮ್ಮ ಲೆಕ್ಕ ಮಾಡಕ್ಕೆ ಎಷ್ಟೊತ್ತು ತಕ್ಕಂತು?”

“ಎರಡು ದಿನ” ಎಂದೆ.

ಅವರು ಕಾಗದದಿಂದ ತಲೆ ಎತ್ತಿ ನನ್ನನ್ನು ನೋಡಿದರು. “ನಿಜ ಯೋಳು.”

ಕಾಗದದ ಕೊನೆಯ ಸಾಲಿನಲ್ಲಿ ರಷ್ಯನ್ ಅಕ್ಷರಗಳ ಪಕ್ಕದಲ್ಲಿ ಒಂದು ಅಂಕಿ ಇತ್ತು. ಅದು ಏನೆಂದು ಅವರಿಗೆ ತಿಳಿಯುವಂತಿರಲಿಲ್ಲ. ನನಗೆ ತಿಳಿದಿತ್ತು.

“ಹತ್ತೊಂಬತ್ತು ಸೆಕೆಂಡು, ಮೇಷ್ಟ್ರೇ.”

“ನಿನ್ ವಾಚು ಬಿಚ್ಚು.”

ಬಿಚ್ಚಿ ಕೊಟ್ಟೆ. ಕೆಂಪಮ್ಮ ಒಳಗೆ ಏನೋ ಕುಟ್ಟುತ್ತಿದ್ದರು. ಮೇಷ್ಟ್ರು ವಾಚನ್ನು ಅಂಗೈಯಲ್ಲಿ ಇಟ್ಟುಕೊಂಡು, ಕಣ್ಣಿನ ಹತ್ತಿರ ಹಿಡಿದು, ಸೆಕೆಂಡಿನ ಮುಳ್ಳು ಮೇಲಕ್ಕೆ ಬರುವವರೆಗೆ ಕಾದರು. ಅಲ್ಲಿಂದ ಅದು ಒಂದೊಂದೇ ಗೀಟು ದಾಟುವುದನ್ನು ನೋಡಿದರು. ತುಟಿ ಸಣ್ಣಗೆ ಆಡುತ್ತಿತ್ತು. ನಾನು ನೆಲ ನೋಡುತ್ತ ಕೂತಿದ್ದೆ.

“ಇಷ್ಟೇಯಾ” ಎಂದು ವಾಚನ್ನು ನನ್ನ ಕೈಗೆ ಕೊಟ್ಟರು.